ಬಸಣ್ಣನ ಕಣ್ಣು, ನನ್ನ ಟಾರ್ಚು

ಟಾರ್ಚಿನ ಗುಂಡಿಯನ್ನು ಪಟಪಟನೆ ಮೂರು ಸಲ ಒತ್ತಿದೆ. ಆ ತುದಿಯಲ್ಲಿದ್ದ ಬಸಣ್ಣ ಕೇಬಲ್ ಎಳೆದೇಬಿಟ್ಟ. ಕೇಬಲ್ ಮೇಲೆ ಕಾಲಿಟ್ಟಿದ್ದ ನಮ್ಮ ಸೂಪರ್‌ವೈಸರ್ ಸಾಹೇಬರು ಧೂಳಿನಲ್ಲಿ ಕುಂತರು. (ಪೆಟ್ಟಾಗಲಿಲ್ಲ. ಬಿಳಿ ಪ್ಯಾಂಟು ಮಾತ್ರ ಹೋಯಿತು.)

ಇದು ಮಣಿಕೊಂಡದ ಹೊಸ ಐಟಿ ಬಿಲ್ಡಿಂಗಿನ ಬೇಸ್‌ಮೆಂಟ್. ಮೇಲೆ ಆಫೀಸು ಶುರುವಾಗಿದೆ, ಕೆಳಗೆ ನಮ್ಮ ಕೇಬಲ್ ಕೆಲಸ ಮುಗಿದಿಲ್ಲ. ಕತ್ತಲೆ. ಫೋನ್ ಹತ್ತುವುದಿಲ್ಲ. ಜನರೇಟರ್ ಗದ್ದಲದಲ್ಲಿ ಆ ತುದಿಗೆ ಕೂಗಿದರೂ ಕೇಳದು. ಅದಕ್ಕೇ ನಾನೂ ಬಸಣ್ಣನೂ ಟಾರ್ಚಿನಲ್ಲೇ ಮಾತಾಡುತ್ತೇವೆ. ಒಂದು ಮಿಂಚು ಅಂದರೆ ಎಳೆ. ಎರಡು ಅಂದರೆ ನಿಲ್ಲಿಸು. ಮೂರು ಅಂದರೆ ಸಾಹೇಬರು ಬಂದರು, ಎಲ್ಲ ಬಿಟ್ಟು ಎದ್ದು ನಿಲ್ಲು.

ಸಾಹೇಬರು ಬಸಣ್ಣನನ್ನು ಕರೆಸಿದರು. "ಒಂದಕ್ಕೂ ಮೂರಕ್ಕೂ ಫರಕ್ ಗೊತ್ತಾಗಂಗಿಲ್ಲೇನಲೇ? ನಾಳೆ ಯಾದಗಿರಿ ಬಸ್ ಹತ್ತು!"

"ನನಗ ಒಂದ ಕಂಡೈತ್ರೀ ಸಾಹೇಬ್ರ," ಎಂದ ಬಸಣ್ಣ. ಹೋದ ವಾರವಷ್ಟೇ ಹೆಂಡತಿ, ಮಗುವನ್ನು ಊರಿಂದ ಇಲ್ಲಿಗೆ ಕರೆತಂದಿದ್ದಾನೆ. ಕೆಲಸ ಹೋದರೆ?

ಅಷ್ಟರಲ್ಲಿ ಕೆಳಗೆ ನಿಲ್ಲಿಸಿದ್ದ ಸ್ಕೂಟರ್ ತೆಗೆಯಲು ಮೇಲಿನ ಆಫೀಸಿನ ಇಂಜಿನಿಯರ್ ಮೇಡಂ ಬಂದರು, ಮೈಸೂರಿನವರು. ಬೆಳಕು ಹಿಡಿಯುವ ಡಿಟೆಕ್ಟರ್‌ಗಳನ್ನು ಟೆಸ್ಟ್ ಮಾಡುವುದೇ ಅವರ ಕೆಲಸ. ನಾನು ಬಿಡಲಿಲ್ಲ, ನಡೆದದ್ದೆಲ್ಲ ಹೇಳಿ ಕೇಳಿದೆ. "ಮೇಡಂ, ಇವನ್ದು ತಪ್ಪೈತೇನ್ರಿ? ನೀವ ಹೇಳ್ರಿ."

ಮೇಡಂ ಹೆಲ್ಮೆಟ್ ತೆಗೆದರು. (ಪಾಪ, ಇಷ್ಟು ದಿನ ಯಾರೂ ಕೇಳಿರಲಿಲ್ಲವೇನೋ.) "ಡಿಟೆಕ್ಟರೂ ಇವರ ಕಣ್ಣಿನ ಹಾಗೇ ಸರ್. ಒಂದು ಮಿಂಚು ಹಿಡಿದ್ಮೇಲೆ ಅದಕ್ಕೆ ಸುಧಾರಿಸ್ಕೊಳ್ಳೋಕೆ ಟೈಮ್ ಬೇಕು. ಅಷ್ಟರಲ್ಲಿ ಇನ್ನೆರಡು ಬಂದ್ರೆ ಎಲ್ಲಾ ಸೇರಿ ಒಂದೇ ಅನ್ಕೊಳ್ಳುತ್ತೆ. ಸೆಕೆಂಡಿಗೆ ಇಷ್ಟೇ ಸುದ್ದಿ ದಾಟುತ್ತೆ ಅಂತ ಲಿಮಿಟ್ ಇರುತ್ತೆ. ಅದಕ್ಕಿಂತ ಬೇಗ ಕಳಿಸಿದ್ರೆ ಜಾಸ್ತಿ ಹೋಗಲ್ಲ, ಇರೋದೂ ಕೆಡುತ್ತೆ."

ನನಗೆ ಮೆಹದಿಪಟ್ಟಣಂ ಟ್ರಾಫಿಕ್ ಸಿಗ್ನಲ್ ನೆನಪಾಯಿತು. ನೂರು ಹಾರ್ನು, ಯಾವನಾದರೂ ಸರಿಯುತ್ತಾನಾ? ಉತ್ತರ ಬರಲಿಲ್ಲವೆಂದು ಹತ್ತು ಮೆಸೇಜ್ ಕಳಿಸುವ ನೀವಾದರೂ ಏನು ಕಮ್ಮಿ?

ಸಾಹೇಬರು ಪ್ಯಾಂಟು ಕೊಡವಿಕೊಂಡರು. "ಅಂದ್ರ ಬಸ್ಯಾನ ತಪ್ಪಿಲ್ಲ?"

"ಇಲ್ಲ ಸರ್. ಕಳಿಸಿದವರದ್ದು."

ಎಲ್ಲರೂ ನನ್ನ ಕಡೆ ನೋಡಿದರು. ಮೇಡಂ ಸ್ಕೂಟರ್ ಹತ್ತಿ ಹೋದರು.

ಬಸಣ್ಣನ ಕೆಲಸ ಉಳಿಯಿತು. ಈಗ ಟಾರ್ಚು ಅವನ ಕೈಯಲ್ಲಿ, ಕೇಬಲ್ ನನ್ನ ಕೈಯಲ್ಲಿ. ಲಿಮಿಟ್ಟಿನ ವಿಷಯ ಅವನು ಭಾರಿ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ. ನಿಧಾನಕ್ಕೆ ಒಂದು ಮಿಂಚು ಬಿಡುತ್ತಾನೆ, ನಾನು ಸುಧಾರಿಸಿಕೊಳ್ಳಲೆಂದು ಕಾಯುತ್ತಾನೆ, ಆಮೇಲೆ ಎರಡನೆಯದು. ಮೂರನೆಯದು ಬರುವಷ್ಟರಲ್ಲಿ ಸಾಹೇಬರು ನನ್ನ ಬೆನ್ನ ಹಿಂದೆ ನಿಂತಿರುತ್ತಾರೆ.

ಇಷ್ಟೇ. ಇನ್ನು ಹೇಳುವುದೇನೂ ಇಲ್ಲ.