ಬದನೆ ಬೇರಿನ ಟೊಮ್ಯಾಟೊ

ಮೆಹರುನ್ನಿಸಾ ಹುಟ್ಟಿದ್ದು ಇಂಡಿ ಕಡೆಯ ಒಣ ನೆಲದಲ್ಲಿ. ತಂದೆ ಕಾಸಿಂಸಾಬ ನಿಂಬೆ, ಬಾರೆಹಣ್ಣು, ಮಾವಿಗೆ ಕಸಿ ಕಟ್ಟುವುದರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಹೆಸರಾದವನು. ಮಗಳು ಹನ್ನೆರಡನೆಯ ವಯಸ್ಸಿಗೇ ಅವನ ಚಾಕು ಹಿಡಿದಿದ್ದಳು. ಮದುವೆಯಾಗಿ ನಿಡಗುಂದಿ ಹತ್ತಿರದ ಅಯೂಬನ ಮನೆಗೆ ಬಂದ ಮೇಲೆ ಆ ಕೆಲಸ ಬಿಟ್ಟೇಹೋಯಿತು. ಇಲ್ಲಿ ತೊಂದರೆಯಿದ್ದದ್ದೇ ನೀರಿನಿಂದ. ಅವರ ಎರಡೆಕರೆ ಎರೆಹೊಲ ಕಾಲುವೆಯ ಕೆಳಮಗ್ಗುಲಿಗಿತ್ತು. ಒಳಗಿಂದೊಳಗೇ ನೀರು ಜಿನುಗಿ ನೆಲ ಜವಳು ಹಿಡಿದಿತ್ತು. ದೊಡ್ಡ ಮಳೆ ಬಂದರೆ ಮೂರು ದಿನ ನೀರು ಕದಲುತ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಶ್ರಾವಣದ ಮಳೆಗೆ ಅವರ ಟೊಮ್ಯಾಟೊ ಪೂರ್ತಿ ಹೋಯಿತು. ಮೊದಲ ದಿನ ಎಲೆ ಜೋತುಬಿದ್ದವು, ಮರುದಿನ ಹಳದಿಯಾದವು, ನೀರು ಇಳಿಯುವಷ್ಟರಲ್ಲಿ ಗಿಡಗಳು ಬುಡ ಕೊಳೆತು ಕೈಗೇ ಬಂದವು. ಬದುವಿನಾಚೆ ನೆರೆಯ ಸುನಂದಾಳ ಹೊಲದಲ್ಲೂ ಅಷ್ಟೇ ನೀರು. ಆದರೆ ಅವಳ ಬದನೆ ಗಿಡಗಳು ನೆಟ್ಟಗೆ ನಿಂತಿದ್ದವು.

"ಅಕ್ಕಾರ, ಒಂದು ಬದನಿ ಗಿಡ ಕಿತ್ಕೊಳ್ಲೇನ್ರಿ?" ಎಂದಳು ಮೆಹರುನ್ನಿಸಾ.

"ಕಾಯಿ ಬೇಕಾದ್ರ ಹರ್ಕೋರಿ. ಗಿಡ ಯಾಕ್ರಿ?"

"ಬೇರು ನೋಡಬೇಕಾಗೇತ್ರಿ."

ಬೇರು ಬೆಳ್ಳಗೆ, ಗಟ್ಟಿಯಾಗಿತ್ತು. ಬದನೆ, ಟೊಮ್ಯಾಟೊ ಒಂದೇ ಕುಲದವು. ಹೂವಿನ ಮಾಟವೂ ಹೆಚ್ಚುಕಡಿಮೆ ಒಂದೇ. ಇದರ ಬೇರಿಗೆ ಅದರ ತಲೆ ಕೂಡಬಹುದಲ್ಲ ಎಂದು ಅವಳಿಗೆ ಹೊಳೆಯಿತು. ಸಂತೆಗೆ ಹೋದಾಗ ತೋಟಗಾರಿಕೆ ಅಧಿಕಾರಿಯೊಬ್ಬರನ್ನು ಕೇಳಿದಳು. ಬೇರೆ ಕಡೆ ಹೀಗೆ ಮಾಡುತ್ತಾರೆ, ಕೂಡುತ್ತದೆ ಎಂದರು ಅವರು.

ಬದನೆ ನಿಧಾನ ಬೆಳೆಯುವುದರಿಂದ ಅದನ್ನು ಹತ್ತು ದಿನ ಮೊದಲು ಬಿತ್ತಿದಳು. ಎರಡರ ದಂಟೂ ಒಂದೇ ದಪ್ಪವಾದಾಗ ಓರೆಯಾಗಿ ಕೊಯ್ದು, ಬದನೆಯ ಬುಡದ ಮೇಲೆ ಟೊಮ್ಯಾಟೊ ತುದಿ ಕೂಡಿಸಿ, ಸೈಕಲ್ಲಿನ ವಾಲ್‌ಟ್ಯೂಬಿನ ಸಣ್ಣ ರಬ್ಬರ್ ಕೊಳವೆ ಸೀಳಿ ಸುತ್ತಿದಳು. ಮೊದಲ ಇಪ್ಪತ್ತು ಸಸಿಗಳು ಸಂಜೆಯೊಳಗೇ ಬಾಡಿದವು. ಮಾವಿನ ಕಡ್ಡಿ ತಡೆದ ಹಾಗೆ ಈ ಎಳೆ ದಂಟು ಗಾಳಿ ತಡೆಯುವುದಿಲ್ಲ. ಮುಂದಿನ ಸಲ ನೀರು ಚಿಮುಕಿಸಿ, ಪ್ಲಾಸ್ಟಿಕ್ ಹೊದಿಸಿ, ವಾರ ನೆರಳಿನಲ್ಲಿಟ್ಟಳು. ಅರವತ್ತರಲ್ಲಿ ನಲವತ್ತು ಉಳಿದವು.

ಅವುಗಳನ್ನು ನೆಟ್ಟು, ತಂಗಿಯ ಬಾಣಂತನಕ್ಕೆಂದು ಲಚ್ಯಾಣಕ್ಕೆ ಹೋದಳು. ಅಯೂಬ ವಾಡಿಕೆಯಂತೆ ಗಿಡಗಳ ಬುಡಕ್ಕೆ ಮಣ್ಣು ಏರಿಸಿದ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಡ ಹಿಡಿದುಕೊಂಡಿದ್ದರಿಂದ ಆ ಸಾಲಿಗೆ ಮಣ್ಣೇರಿಸದೆ ಬಿಟ್ಟ. ಮುಂದಿನ ಮಳೆಗೆ ಆ ಒಂದು ಸಾಲು ಮಾತ್ರ ಉಳಿಯಿತು.

"ನಿನ್ನ ಕಸಿನೂ ಅಷ್ಟ, ನನ್ನ ಹೊಲನೂ ಅಷ್ಟ," ಎಂದ ಅಯೂಬ, ಅವಳು ಮರಳಿ ಬಂದ ದಿನ.

ಅವಳು ಸತ್ತ ಗಿಡವೊಂದನ್ನು ಕಿತ್ತಳು. ಕಸಿಯ ಬೆಸುಗೆಯ ಮೇಲ್ಗಡೆಯಿಂದ, ಮಣ್ಣಲ್ಲಿ ಹುಗಿದುಹೋಗಿದ್ದ ಟೊಮ್ಯಾಟೊ ದಂಟಿನಿಂದಲೇ ಬೇರು ಒಡೆದಿದ್ದವು. ಕೊಳೆತದ್ದು ಅವೇ, ಕೊಳೆ ಅಲ್ಲಿಂದ ದಂಟಿಗೆ ಏರಿತ್ತು. ಬೆಸುಗೆ ನೆಲದಿಂದ ಮೇಲಿರಬೇಕೆಂದು ತಾನು ಹೇಳಿ ಹೋಗಿರಲಿಲ್ಲ ಎಂಬುದು ಆಗ ನೆನಪಾಗಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ತಪ್ಪು ನಂದ ಐತ್ರಿ," ಎಂದಳು. "ಇನ್ನ ಮ್ಯಾಲೆ ಈ ಗಂಟಿಗೆ ಮಣ್ಣು ಮುಟ್ಟಬಾರ್ದು. ನೋಡ್ರಿಲ್ಲಿ."

ಅಯೂಬ ಬಗ್ಗಿ ನೋಡಿದ. ಮರುವರ್ಷ ಎತ್ತರದ ಮಡಿ ಮಾಡಿದವನು ಅವನೇ. ಆ ಸಲ ನಾಲ್ಕು ನೂರು ಗಿಡ. ಮಳೆ ಬಂತು, ಮೂರು ದಿನ ನೀರು ನಿಂತಿತು. ಗಿಡಗಳು ಬಾಡಿದವು. ನೀರು ಇಳಿದ ಐದನೆಯ ದಿನಕ್ಕೆ ಎಲೆ ಎದ್ದವು. ಸುಮಾರು ಎಂಬತ್ತು ಗಿಡ ಸತ್ತವು, ಉಳಿದವು ಕಾಯಿ ಹಿಡಿದವು.

ಈಗ ಮೆಹರುನ್ನಿಸಾಳ ಅಂಗಳದಲ್ಲಿ ಸಸಿ ತಟ್ಟೆಗಳ ಸಾಲುಗಳಿವೆ. ಸುನಂದಾ ಬೆಳಗಿನ ಹೊತ್ತು ಬಂದು ಕಸಿ ಕಟ್ಟುತ್ತಾಳೆ, ಕೈ ಕೂತಿದೆ. ಹೋದ ತಿಂಗಳು ಹೂವಿನ ಹಿಪ್ಪರಗಿಯಿಂದ ಬಸಂತರಾಯ ಎಂಬ ರೈತ ಬಂದಿದ್ದ.

"ಎಷ್ಟು ನೀರು ನಿಂತ್ರೂ ಸಾಯಂಗಿಲ್ಲಂತ ಹೌದೇನ್ರೀ ಅಕ್ಕಾರ?"

"ಸುಳ್ಳು ಹೇಳ್ಯಾರ್ರಿ. ವಾರಗಟ್ಟಲೆ ನಿಂತ್ರ ಬದನಿನೂ ಸಾಯ್ತೈತಿ. ಮೊದಲ ನೀರು ಹೋಗಾಕ ಕಾಲಿವಿ ತಗೀರಿ, ಆಮ್ಯಾಲೆ ಸಸಿ ಒಯ್ಯಾಕ ಬರ್ರಿ."

ಬಸಂತರಾಯ ಆ ದಿನ ಬರಿಗೈಯಲ್ಲಿ ಹೋದ. ಇಪ್ಪತ್ತು ದಿನ ಬಿಟ್ಟು ಟಂಟಂ ಗಾಡಿ ಬಾಡಿಗೆ ಮಾಡಿಕೊಂಡು ಬಂದು ಇನ್ನೂರು ಸಸಿ ಒಯ್ದ.