ಮೈಕಮ್ಮ ಬೆಟ್ಟಕ್ಕೆ ಫೋನು ಮಾಡಿದ್ದು

ಆ ಊರಿನ ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲವೇ ಇಲ್ಲ. ಟಿಕೆಟ್ ಕಿಟಕಿಗಳ ಮೇಲೆ ಅಟ್ಟದಂಥ ಒಂದು ಕೋಣೆ. ಅಲ್ಲಿ ಧೂಳು ಹಿಡಿದ ಗಾಜಿನ ಹಿಂದೆ ಕುಳಿತು ‘ಪ್ರಯಾಣಿಕರೇ, ದಯವಿಟ್ಟು ಗಮನಿಸಿ’ ಎಂದು ಶುರುಮಾಡಿ, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕೈತಪ್ಪಿ ಅಳುತ್ತಾ ನಿಂತಿದೆ ಎಂದೆಲ್ಲ ಹೇಳುವುದು ಅವಳ ಕೆಲಸ. ಡ್ರೈವರುಗಳು ಮೈಕಮ್ಮ ಎಂದು ಹೆಸರಿಟ್ಟರು. ಹೆಸರು ಅವಳ ಹಿಂದೆಯೇ ಮನೆಗೂ ಬಂತು. ಕೊನೆಗೆ ಅತ್ತಿಗೆಯೂ ಹಾಗೇ ಕರೆಯತೊಡಗಿದರು.

ದಪ್ಪ ದನಿ. ತಳದಲ್ಲಿ ಚೂರು ಮರಳು ಉಜ್ಜಿದ ಹಾಗೆ. ಮಾತು ಮುಗಿಸುವಾಗ ಕೊನೆಯ ಅಕ್ಷರವನ್ನು ಮೆಲ್ಲಗೆ ಮೇಲಕ್ಕೆತ್ತಿ ಬಿಡುವ ಅಭ್ಯಾಸ. ಒಮ್ಮೆ ತರಕಾರಿ ಅಂಗಡಿಯಲ್ಲಿ ಅವಳು “ಬೀನ್ಸ್ ಎಳೇದಿದೆಯಾ?” ಎಂದು ಕೇಳಿದ್ದೇ ತಡ, ಪಕ್ಕದಲ್ಲಿದ್ದವನೊಬ್ಬ ಚೀಲ ಎತ್ತಿಕೊಂಡು ಓಡಿದ್ದನಂತೆ, ಬಸ್ಸು ಹೊರಟಿತೆಂದು.

ಮದುವೆಯ ಮಾತು ಬಂದಾಗೆಲ್ಲ ಏನೋ ಒಂದು ಅಡ್ಡ ಬಂದು, ಆಮೇಲೆ ಮಾತೇ ಬರುವುದು ನಿಂತಿತು. ಅಣ್ಣ ತೀರಿಕೊಂಡ ಮೇಲೆ ಅವಳೂ ಅತ್ತಿಗೆಯೂ ಮಹಡಿಯ ಮೇಲಿನ ಬಾಡಿಗೆ ಮನೆಯಲ್ಲಿ ಒಟ್ಟಿಗಿದ್ದರು. ಅತ್ತಿಗೆ ಕಣ್ಣಾಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಟೀವಿಯಲ್ಲಿ ಕಾಡುಪ್ರಾಣಿ ಬಂದರೆ ಒಲೆಯ ಮೇಲೆ ಹಾಲು ಉಕ್ಕಿದ್ದೂ ಅವರಿಗೆ ಗೊತ್ತಾಗದು. ಒಂದು ದಿನ ದುರ್ಬೀನು ಕೊಂಡು ತಂದೇಬಿಟ್ಟರು.

“ಊರಿನವರನ್ನೆಲ್ಲ ಎಲ್ಲೆಲ್ಲಿಗೋ ಕಳಿಸಿದೆ, ನೀನು ಮಾತ್ರ ಆ ಗಾಜಿನ ಪೆಟ್ಟಿಗೆ ಬಿಟ್ಟು ಅಲ್ಲಾಡಲಿಲ್ಲ. ಈ ಸಲ ಬೆಟ್ಟಕ್ಕೆ ಹೋಗೋಣ, ಏನಂತೀಯ?”

ಅವರು ಹೇಳಿದ ಬೆಟ್ಟ ಒಂದು ಹಳೆಯ ಜ್ವಾಲಾಮುಖಿ. ಬೆಂಕಿ ಉಗುಳುವುದನ್ನು ಬಿಟ್ಟು ಯಾವ ಕಾಲವಾಯಿತೋ, ಹೊಟ್ಟೆಯುರಿ ಮಾತ್ರ ಇನ್ನೂ ಆರಿಲ್ಲ. ಅಲ್ಲಲ್ಲಿ ಬಿರುಕುಗಳಿಂದ ಹಳದಿ ಹೊಗೆ ಏಳುತ್ತದೆ. ಸುತ್ತಲ ಇಳಿಜಾರಿನಲ್ಲಿ ಬಿಸಿಲು ನೆಲ ಮುಟ್ಟದಷ್ಟು ದಟ್ಟ ಕಾಡು. ಅದೆಲ್ಲ ಈಗ ರಕ್ಷಿತಾರಣ್ಯ. ಮುಖದ ಸುತ್ತ ಬಿಳಿ ಅಂಚಿರುವ ಕಪ್ಪು ಮಂಗಗಳು ಬೇರೆಲ್ಲೂ ಕಾಣಸಿಗುವುದಿಲ್ಲ, ಅಲ್ಲಿ ಮಾತ್ರ. ಅಲ್ಲಿರುವ ವಸತಿಗೃಹಕ್ಕೆ ಫೋನು ಮಾಡಿಯೇ ಕೋಣೆ ಹಿಡಿಯಬೇಕು.

“ನೀನೇ ಮಾಡು. ನಿನ್ನ ದನಿ ಕೇಳಿದ್ರೆ ಯಾರೂ ಇಲ್ಲ ಅನ್ನಲ್ಲ,” ಎಂದರು ಅತ್ತಿಗೆ.

ಮಧ್ಯಾಹ್ನದ ಬಿಡುವಿನಲ್ಲಿ ಮೈಕಮ್ಮ ಅಟ್ಟದ ಕೋಣೆಯಿಂದಲೇ ಫೋನು ಮಾಡಿದಳು. ಯಾರೋ ಎತ್ತಿಕೊಂಡರು.

“ಹಲೋ, ಬೆಟ್ಟದ ವಸತಿಗೃಹವಾ? ನಮ್ಮಿಬ್ಬರಿಗೆ ಒಂದು ಕೋಣೆ ಬೇಕಿತ್ತು.”

ಆ ತುದಿಯಲ್ಲಿ ಎಲೆಯಿಂದ ಎಲೆಗೆ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು. ಹಿಂದೆ ಯಾವುದೋ ಹಕ್ಕಿ ಒಣಮರವನ್ನು ಗರಗಸದಲ್ಲಿ ಕೊಯ್ಯುತ್ತಿರುವಂತೆ ಕೂಗುತ್ತಿತ್ತು. ಅದರ ನಡುವೆ ಒಬ್ಬರ ಉಸಿರು.

“ಹಲೋ? ಕೇಳಿಸ್ತಿದೆಯಾ?”

“ಎಲ್ಲಿಂದ ಮಾತಾಡ್ತಿದ್ದೀರಿ?” ಮುದುಕನ ದನಿ, ನಡುಗುತ್ತಿತ್ತು.

ಅವಳು ಊರಿನ ಹೆಸರು ಹೇಳಿದಳು.

“ಊರು ಕೇಳಲಿಲ್ಲ ತಾಯಿ. ಎಲ್ಲಿಂದ ಮಾತಾಡ್ತಿದ್ದೀರಿ? ಅಲ್ಲಿ… ಅಲ್ಲಿ ತುಂಬಾ ಚಳಿಯಾ?”

ಮೈಕಮ್ಮ ತಲೆಯೆತ್ತಿ ನೋಡಿದಳು. “ಇಲ್ಲಪ್ಪ, ಫ್ಯಾನ್ ಹಾಕ್ಕೊಂಡೇ ಕೂತಿದ್ದೀನಿ,” ಎಂದಳು. ಆ ಕಡೆ ಫೋನು ನೆಲಕ್ಕೆ ಬಿದ್ದ ಸದ್ದಾಯಿತು. ಮರದ ಹಲಗೆಗಳ ಮೇಲೆ ಯಾರೋ ಓಡಿದರು. ಹಕ್ಕಿ ಮಾತ್ರ ಕೊಯ್ಯುತ್ತಲೇ ಇತ್ತು.

ಮನೆಗೆ ಬಂದು ಹೇಳಿದಾಗ ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕುಡಿದಿದ್ದನೋ ಏನೋ! ನಾಳೆ ಮತ್ತೆ ಮಾಡು.”

ಮರುದಿನ ಎತ್ತಿಕೊಂಡವಳು ಒಬ್ಬ ಹುಡುಗಿ. ಸೌಮ್ಯವಾಗಿ ಮಾತಾಡಿದಳು. ಆದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿಸಿಕೊಂಡಳು. “ಸರಿಯಾಗಿ ಕೇಳಿಸಲಿಲ್ಲ ಮೇಡಂ, ಇನ್ನೊಂದ್ಸಲ ಹೇಳ್ತೀರಾ?” ಎಂದು ಪ್ರತಿ ಮಾತಿಗೂ ಕೇಳುವಳು. ಲೈನು ಗಾಜಿನಷ್ಟು ತಿಳಿಯಾಗಿತ್ತು. ಕೋಣೆ ಗೊತ್ತುಮಾಡಿ, ಜೀಪೂ ಗೊತ್ತುಮಾಡಿ, ಮನೆಯ ಫೋನ್ ನಂಬರನ್ನೂ ಬರೆಸಿದ್ದಾಯಿತು. ಇನ್ನೇನು ಫೋನು ಇಡಬೇಕು ಎನ್ನುವಾಗ ಹುಡುಗಿ ಅವಸರದಿಂದ, “ಬೇರೇನಾದ್ರೂ ಕೇಳೋದಿದ್ರೆ ಕೇಳಿ ಮೇಡಂ. ಏನು ಬೇಕಾದ್ರೂ ಕೇಳಿ,” ಎಂದಳು.

ಅದಾದ ಮೇಲೆ ಸಂಜೆ ಹೊತ್ತು ಮನೆಯ ಫೋನು ರಿಂಗಾಗತೊಡಗಿತು. ಅತ್ತಿಗೆ ಎತ್ತಿದರೆ ತಕ್ಷಣ ಕಟ್ಟಾಗುವುದು. ಮೈಕಮ್ಮ ಎತ್ತಿ “ಹಲೋ, ಯಾರು? ಯಾರು ಬೇಕಾಗಿತ್ತು?” ಎಂದರೆ ಕಟ್ಟಾಗುವುದಿಲ್ಲ, ಮಾತೂ ಇಲ್ಲ. ಆ ತುದಿಯಲ್ಲಿ ಯಾರೋ ಕಿವಿಗೊಟ್ಟು ಕೂತಿರುವುದು ಮಾತ್ರ ತಿಳಿಯುವುದು.

“ಈ ವಯಸ್ಸಿನಲ್ಲಿ ಯಾರೇ ನಿನ್ನ ಹಿಂದೆ ಬಿದ್ದಿರೋದು?” ಎಂದು ಅತ್ತಿಗೆ ಚುಡಾಯಿಸಿದರು. ಮೈಕಮ್ಮ ನಗಲಿಲ್ಲ. ಆ ಮೌನದ ಹಿಂದೆ, ಬಹಳ ದೂರದಲ್ಲಿ, ಒಂದು ಹಕ್ಕಿ ಒಣಮರ ಕೊಯ್ಯುತ್ತಿತ್ತು.

ಕೆಲಸದಲ್ಲೂ ಅವಳಿಗೆ ನೆಮ್ಮದಿ ಹೋಯಿತು. ಒಂದು ಮಧ್ಯಾಹ್ನ ಬಸ್ಸಿನ ವಿವರ ಹೇಳಿ ಮುಗಿಸಿ ಮೈಕು ಆರಿಸಿದಳು. ಬಾಯಿ ಮುಚ್ಚಿದ ಮೇಲೂ ಹೊರಗಿನ ಸ್ಪೀಕರಿನಲ್ಲಿ ತನ್ನ ದನಿ ಇನ್ನೊಂದು ಮಾತು ಮುಂದುವರಿದಂತೆ ಅನ್ನಿಸಿತು. ಎದ್ದು ಗಾಜಿನಿಂದ ಇಣುಕಿದಳು. ಕೆಳಗೆ ಒಬ್ಬಿಬ್ಬರು ತಲೆಯೆತ್ತಿ ನೋಡುತ್ತಿದ್ದರು. ಏನು ಕೇಳಿಸಿತೆಂದು ಅವರನ್ನು ಹೋಗಿ ವಿಚಾರಿಸುವ ಧೈರ್ಯ ಬರಲಿಲ್ಲ.

ಕೊನೆಗೆ ಅವಳೇ ಬೆಟ್ಟಕ್ಕೆ ಫೋನು ಮಾಡಿದಳು. “ಅಲ್ಲಮ್ಮ, ದಿನಾ ಫೋನ್ ಮಾಡಿ ಸುಮ್ಮನೆ ಕೂತಿರ್ತೀಯಲ್ಲ, ಯಾಕೆ? ನನಗೆ ಭಯ ಆಗುತ್ತೆ.”

ಹುಡುಗಿ ಅತ್ತಳು. ಮೂಗು ಒರೆಸಿಕೊಂಡು, “ತಪ್ಪಾಯ್ತು ಮೇಡಂ. ನಿಮ್ಮ ದನಿ… ಅದು ನಮ್ಮಮ್ಮನ ದನಿ,” ಎಂದಳು.

ಅವಳ ತಾಯಿ ಬೆಟ್ಟದ ಮೇಲಿನ ಕಾವಲು ಚೌಕಿಯಲ್ಲಿ ಮೈಕಿನ ಮುಂದೆ ಕೂರುತ್ತಿದ್ದವಳು. ಮಂಜು ಇಳಿಯುತ್ತಿದೆ, ಹೊಗೆ ಜಾಸ್ತಿಯಾಗಿದೆ, ಹೊತ್ತಾಯಿತು ಇಳಿದು ಬನ್ನಿ ಎಂದು ಪ್ರವಾಸಿಗಳಿಗೆ ಹೇಳುವುದು ಅವಳ ಕೆಲಸ. ಕೆಲವು ಮಳೆಗಾಲಗಳ ಹಿಂದೆ ಒಂದು ದಿನ ಬಿರುಕಿನಿಂದ ವಿಷಗಾಳಿ ಎದ್ದು ತಗ್ಗು ತುಂಬಿ ಚೌಕಿಯವರೆಗೂ ಹಬ್ಬಿತು. ಅವಳು ಕುರ್ಚಿ ಬಿಟ್ಟೇಳದೆ ಕೂಗುತ್ತಲೇ ಇದ್ದಳು. ಮೇಲಿದ್ದವರೆಲ್ಲ ಇಳಿದು ಬಂದರು.

“ನಾವೆಲ್ಲ ಕೆಳಗಡೆ ನಿಂತಿದ್ವಿ ಮೇಡಂ. ಅಮ್ಮನ ದನಿ ಬರ್ತಾನೇ ಇತ್ತು. ಇಳಿದು ಬನ್ನಿ, ಇಳಿದು ಬನ್ನಿ ಅಂತ. ಅಜ್ಜನೂ ಕೇಳಿಸ್ಕೊಂಡಿದ್ದಾರೆ. ಗಾಳಿ ಹೋದ ಮೇಲೆ ಮೇಲಕ್ಕೆ ಹೋಗಿ ನೋಡಿದವರು ಹೇಳಿದ್ರು, ಅಮ್ಮನ ಜೀವ ಹೋಗಿ ಆಗಲೇ ಬಹಳ ಹೊತ್ತಾಗಿತ್ತಂತೆ.”

ಅಜ್ಜನೆಂದರೆ ವಸತಿಗೃಹದ ಅಡುಗೆಯ ಮುದುಕ, ಮೊದಲ ದಿನ ಫೋನು ಬೀಳಿಸಿ ಓಡಿದವನು.

ಕೇಳಿ ಅತ್ತಿಗೆ ಟೀವಿ ಆರಿಸಿದರು. ದುರ್ಬೀನನ್ನು ಚೀಲದಿಂದ ತೆಗೆದು ಕಪಾಟಿನೊಳಗಿಟ್ಟರು. “ಬೇಡ ಕಣೇ. ಮಂಗ ನೋಡೋಕೆ ಅಷ್ಟು ದೂರ ಹೋಗಬೇಕಾ? ನಮ್ಮ ಓನರ್ ಮಗನೇ ಸಾಕು.”

“ಬಸ್ ಸ್ಟ್ಯಾಂಡಲ್ಲಿ ಎಲ್ಲರೂ ಕಾಯೋದು ಬಸ್ಸಿಗೆ ಅತ್ತಿಗೆ,” ಎಂದಳು ಮೈಕಮ್ಮ. “ನನ್ನ ದನಿಗೆ ಅಂತ ಒಬ್ಬರು ಕಾಯ್ತಿರೋದು ಇದೇ ಮೊದಲು. ಹೋಗೋಣ.”

ಆಮೇಲೆ ತಯಾರಿ ನಿಜವಾಗಿ ಶುರುವಾಯಿತು. ಹುಡುಗಿ ಈಗ ಫೋನಿನಲ್ಲಿ ಮಾತಾಡುತ್ತಿದ್ದಳು: ಗಾಢ ಬಣ್ಣದ ಬಟ್ಟೆ ಬೇಡ, ಸೆಂಟು ಹಚ್ಚಬೇಡಿ, ಜಿಗಣೆಗೆ ಉದ್ದನೆಯ ಕಾಲುಚೀಲ ಇರಲಿ, ಹೊಗೆ ಬಂದರೆ ಮೂಗಿಗೆ ಒದ್ದೆ ಬಟ್ಟೆ. ಅತ್ತಿಗೆ ಆಸ್ಪತ್ರೆಯ ಕಾಲದ ಶಿಸ್ತಿನಿಂದ ಬ್ಯಾಗು ತುಂಬಿದರು, ಬಿಚ್ಚಿದರು, ಮತ್ತೆ ತುಂಬಿದರು. ಏದುಸಿರು ಬರಬಾರದೆಂದು ಇಬ್ಬರೂ ಮನೆಯ ಮೆಟ್ಟಿಲು ಹತ್ತಿ ಇಳಿದರು. “ಈಗೀಗ ಮಂಗಗಳು ಕಾಣಿಸೋದೇ ಅಪರೂಪ ಮೇಡಂ,” ಎಂದು ಹುಡುಗಿ ಮೊದಲೇ ಹೇಳಿದ್ದಳು. “ಅಮ್ಮ ಇದ್ದಾಗ ಸಂಜೆ ದಾರಿಗೇ ಬಂದು ಕೂರ್ತಿದ್ವು. ಅಮ್ಮ ಕೂಗಿದ ಮೇಲೆ ಜನ ಇಳಿದುಹೋಗ್ತಾರೆ, ದಾರಿ ತಮ್ಮದು ಅಂತ ಅವಕ್ಕೆ ಗೊತ್ತಿತ್ತು. ಈಗ ಸೈರನ್ ಹಾಕ್ತಾರೆ. ಅದಕ್ಕೆ ಹೆದರಿ ಒಳಗೆ ಸೇರಿಬಿಟ್ಟಿವೆ.”

ಹೋದರು. ಜೀಪು ಮಂಜಿನೊಳಗೆ ಹತ್ತುವಾಗ ಗಂಧಕದ ವಾಸನೆ ಗಂಟಲಿಗೆ ಅಂಟಿತು. ವಸತಿಗೃಹದಲ್ಲಿ ಮೈಕಮ್ಮ “ನಮಸ್ಕಾರ” ಎಂದದ್ದಕ್ಕೆ ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ಗೋಡೆಗೆ ಒರಗಿದಳು. ಅಡುಗೆಯ ಮುದುಕ ಊಟ ತಂದಿಟ್ಟು, ಕತ್ತು ಬೇರೆ ಕಡೆ ತಿರುಗಿಸಿಕೊಂಡೇ ಒಳಗೆ ಹೋದ. ಹುಡುಗಿ ತೆಳ್ಳಗೆ, ಎತ್ತರಕ್ಕಿದ್ದಳು. ಮೈಕಮ್ಮ ಮಾತಾಡುವಾಗ ಅವಳು ಕಣ್ಣು ಮುಚ್ಚಿಕೊಂಡು ಕೇಳುವಳು. ಮುಖ ನೋಡಿದರೆ ಏನೋ ಕಳೆದುಹೋಗುತ್ತದೆ ಎಂಬಂತೆ. ಎಲ್ಲ ಮಾತಿಗೂ ಮೇಡಂ ಎಂದೇ ಕರೆಯುವಳು. ಅಷ್ಟು ಜನ ತನ್ನ ದನಿಗೆ ಬೆಚ್ಚುವುದು ಕಂಡು ಮೈಕಮ್ಮ ನೀರು ಬೇಕಾದರೂ ಕೈಸನ್ನೆಯಲ್ಲೇ ಕೇಳತೊಡಗಿದಳು.

ಮರುದಿನ ಮಧ್ಯಾಹ್ನ ಮೂವರೂ ಚೌಕಿಯ ಕೆಳಗಿನ ಕಾಡಿನ ದಾರಿ ಹಿಡಿದರು. ಒಂದು ಮಂಗಟ್ಟೆ ಹಕ್ಕಿ ರೆಕ್ಕೆ ಬಡಿಯುತ್ತಾ ತಲೆಯ ಮೇಲೆ ಹಾದುಹೋಯಿತು. ಅತ್ತಿಗೆ ಅದರ ಹಿಂದೆಯೇ, ದುರ್ಬೀನು ಕಣ್ಣಿಗಿಟ್ಟುಕೊಂಡು, ತಿರುವು ದಾಟಿ ಮೇಲಕ್ಕೆ ಹೋದರು. ಅಷ್ಟರಲ್ಲಿ ಮಂಜು ಇಳಿಯಿತು. ಬಿಳಿ ಬಟ್ಟೆ ಎಳೆದಂತೆ ಮರಗಳು ಒಂದೊಂದಾಗಿ ಇಲ್ಲವಾದವು. ಹಕ್ಕಿಗಳು ಸುಮ್ಮನಾದವು. ಬಲಕ್ಕೆ ಹೊಗೆಯಾಡುವ ತಗ್ಗು.

ಹುಡುಗಿ ಕರೆದಳು. ಅವಳ ದನಿ ಮಂಜಿನಲ್ಲಿ ಮುಂದೆ ಹೋಗಲೇ ಇಲ್ಲ.

ಮೈಕಮ್ಮ ಯೋಚಿಸಲಿಲ್ಲ. ಹೊಟ್ಟೆಯಾಳದಿಂದ ಉಸಿರೆಳೆದು ಕೂಗಿದಳು: “ಅತ್ತಿಗೇ! ಹಿಂದಕ್ಕೆ ಬನ್ನಿ. ದಯವಿಟ್ಟು ಇಳಿದು ಬನ್ನಿ!”

ಕೊನೆಯ ಅಕ್ಷರ ಮೇಲಕ್ಕೆದ್ದು ಇಳಿಜಾರಿನುದ್ದಕ್ಕೂ ಹೋಯಿತು. ಹುಡುಗಿ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಕ್ಕರಿಸಿದಳು. ಸ್ವಲ್ಪ ಹೊತ್ತಿಗೆ ಮೇಲೆಲ್ಲೋ ಕೊಂಬೆ ಅಲ್ಲಾಡಿತು. ಮಂಜಿನೊಳಗಿಂದ ಏನೋ ಕಪ್ಪಗೆ ದಾರಿಗಿಳಿದು ಕೂತಿತು. ಅದರ ಹಿಂದೆ ಇನ್ನೊಂದು. ಬಿಳಿ ಅಂಚಿನ ಮುಖಗಳು, ಮರಿಗಳನ್ನು ಹೊಟ್ಟೆಗವಚಿಕೊಂಡ ತಾಯಂದಿರು, ಒಂದು ಕಣ್ಣಿಗೆ ಪೊರೆ ಬಂದ ಮುದಿ ಗಂಡು. ಎಡಕ್ಕೆ ನೋಡಿದರೂ ಅವೇ, ಹಿಂದೆ ನೋಡಿದರೂ ಅವೇ. ಒಂದೂ ಕಿಚಗುಟ್ಟಲಿಲ್ಲ, ತಿನ್ನಲು ಕೈ ಚಾಚಲಿಲ್ಲ. ಎಲ್ಲವೂ ಮೈಕಮ್ಮನ ಬಾಯನ್ನೇ ನೋಡುತ್ತಿದ್ದವು, ಮುಂದಿನ ಮಾತಿಗೆ ಕಾದಂತೆ.

ಪ್ರಾಣಿ ನೋಡಲು ಬಂದವಳನ್ನು ಕಾಡೇ ಕೂತು ನೋಡುತ್ತಿತ್ತು. ಮುದಿ ಗಂಡು ಹತ್ತಿರ ಬಂದು, ತಲೆ ಓರೆ ಮಾಡಿ, ಅವಳ ಮುಖವನ್ನು ಬಹಳ ಹೊತ್ತು ಪರೀಕ್ಷಿಸಿತು. ಆಮೇಲೆ ನಿಟ್ಟುಸಿರಿನಂಥ ಒಂದು ಸದ್ದು ಮಾಡಿ ಅಲ್ಲೇ ಕೂತಿತು.

ಆ ಮಂಗಗಳ ನಡುವೆಯೇ ಅತ್ತಿಗೆ ಬಂದರು. ಮುಖ ಸುಣ್ಣದಂತಾಗಿತ್ತು. “ತಗ್ಗಿನ ಅಂಚಿಗೇ ಹೋಗಿಬಿಟ್ಟಿದ್ದೆ ಕಣೇ. ನಿನ್ನ ದನಿ ಮೇಲಿಂದ ಬಂತು, ಚೌಕಿ ಕಡೆಯಿಂದ. ನೀನು ನೋಡಿದ್ರೆ ಇಲ್ಲಿ ಕೆಳಗೆ ನಿಂತಿದ್ದೀಯ.”

“ಮಂಜಿನಲ್ಲಿ ಹಾಗೇ ಅತ್ತಿಗೆ, ದಿಕ್ಕು ತಪ್ಪುತ್ತೆ,” ಎಂದು ಮೈಕಮ್ಮ ಪಿಸುಗುಟ್ಟಿದಳು. ಮೇಲಕ್ಕೆ ನೋಡಲು ಅವಳಿಗೆ ಧೈರ್ಯವಾಗಲಿಲ್ಲ.

ವಸತಿಗೃಹಕ್ಕೆ ಮರಳಿದ ಮೇಲೆ ಹುಡುಗಿ ಅವಳ ಮುಂದೆ ಬಂದು ನಿಂತಳು. ಕೂದಲಿನಿಂದ ನೀರು ಇಳಿಯುತ್ತಿತ್ತು.

“ಮೇಡಂ, ಒಂದು ಕೇಳ್ಲಾ? ನನ್ನನ್ನ ಒಂದ್ಸಲ ಬೈತೀರಾ?”

ಜೀವಮಾನವೆಲ್ಲ ‘ದಯವಿಟ್ಟು’ ಎಂದೇ ಮಾತಾಡಿದ ಬಾಯಿ. ಬೈಗುಳ ಹೇಗೆ ಶುರುಮಾಡುವುದೋ ಗೊತ್ತಾಗದೆ ಮೈಕಮ್ಮ ತಡವರಿಸಿದಳು. ಅತ್ತಿಗೆ ಪಕ್ಕದಿಂದ, “ನನಗೆ ಬೈದ್ಹಾಗೆ ಬೈಯೇ, ಮನಸ್ಸಲ್ಲಿ ದಿನಾ ಬೈತೀಯಲ್ಲ,” ಎಂದರು.

“ಏನೇ ಇದು, ತಲೆ ಒರೆಸ್ಕೊಳ್ಳೋಕೆ ಏನು ದಾಡಿ ನಿನಗೆ? ಶೀತ ಆದ್ರೆ ಯಾರು ನೋಡ್ಕೋತಾರೆ? ಇಷ್ಟುದ್ದ ಬೆಳೆದಿದ್ದೀಯ, ಬುದ್ಧಿ ಮಾತ್ರ ಮೊಣಕಾಲಲ್ಲಿದೆ! ಹೋಗು, ಒಣಗಿದ ಬಟ್ಟೆ ಹಾಕ್ಕೋ ಹೋಗು!”

ಬರಬರುತ್ತಾ ದನಿ ಜೋರಾಯಿತು, ಕೈ ತಾನೇ ಎದ್ದು ಬಾಗಿಲು ತೋರಿಸಿತು. ಹುಡುಗಿ ನಗುತ್ತಿದ್ದಳೋ ಅಳುತ್ತಿದ್ದಳೋ, ಮುಖವೆಲ್ಲ ಒದ್ದೆಯಾಗಿತ್ತು. “ಆಯ್ತಮ್ಮ,” ಎಂದು ಒಳಗೋಡಿದಳು. ಅಡುಗೆಮನೆಯಲ್ಲಿ ಮುದುಕ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದ.

ಹೊರಟ ದಿನ ಬೆಳಿಗ್ಗೆ ಹುಡುಗಿ ಜೀಪಿನ ತನಕ ಬಂದು, ಇನ್ನು ಮೇಲೆ ಫೋನು ಮಾಡಿದರೆ ಮಾತಾಡಿಯೇ ಮಾತಾಡುತ್ತೇನೆ ಎಂದು ಕೈಹಿಡಿದು ಹೇಳಿದಳು. ಮೈಕಮ್ಮ ಅವಳ ತಲೆ ಮುಟ್ಟಿ ನೋಡಿದಳು. ಕೂದಲು ಒಣಗಿತ್ತು.

ಜೀಪು ಇಳಿಯತೊಡಗಿತು. ದಾರಿಯ ಎರಡೂ ಬದಿಯ ಕಲ್ಲುಗಳ ಮೇಲೆ ಅವು ಕೂತಿದ್ದವು, ಮರಿಗಳ ಸಮೇತ, ಸದ್ದಿಲ್ಲದೆ. ಅತ್ತಿಗೆ ದುರ್ಬೀನು ಎತ್ತಲು ಹೋಗಿ, ಅದರ ಅಗತ್ಯವೇ ಇಲ್ಲವೆಂದು ಕಂಡು ಮಡಿಲಿಗಿಟ್ಟುಕೊಂಡರು.

“ನೋಡೇ, ಎಷ್ಟೊಂದು! ಏನಾದ್ರೂ ಮಾತಾಡೇ, ಯಾಕೆ ಬಾಯಿ ಹೊಲಿದುಕೊಂಡು ಕೂತಿದ್ದೀಯ?”

ಮೈಕಮ್ಮ ತುಟಿಯ ಮೇಲೆ ಬೆರಳಿಟ್ಟುಕೊಂಡಳು. ಮಂಜು ಕಳೆದು, ಬಯಲು ಕಂಡು, ದಾರಿಯಲ್ಲಿ ಮನುಷ್ಯರು ಸಿಗುವ ತನಕ ಆ ಬೆರಳು ತೆಗೆಯಲಿಲ್ಲ. ಆಮೇಲೂ ಅತ್ತಿಗೆಯ ಕಿವಿಗಷ್ಟೇ ಕೇಳುವಂತೆ ಹೇಳಿದಳು:

“ನಾನು ಬಾಯಿ ತೆಗೆದಿದ್ರೆ ಅವು ಹಿಂದೇನೇ ಬರ್ತಿದ್ವು ಅತ್ತಿಗೆ.”