ಹೊಳಪಕ್ಕನ ನಾಲಿಗೆ

ಹೊಳಪಕ್ಕನ ನಾಲಿಗೆ ಒಪ್ಪದೆ ಆ ಪಿಂಗಾಣಿ ಕಾರ್ಖಾನೆಯಿಂದ ಒಂದು ಕಪ್ಪೂ ಹೊರಗೆ ಹೋಗುತ್ತಿರಲಿಲ್ಲ. ಉತ್ಪ್ರೇಕ್ಷೆಯಲ್ಲ ಸ್ವಾಮಿ! ಸುಟ್ಟು ಆರಿದ ಕಪ್ಪಿನ ಮೇಲೆ ಅನುಮಾನ ಬಂದ ಕಡೆ ನಾಲಿಗೆಯ ತುದಿ ಮುಟ್ಟಿಸುವಳು. ಜಾರಿದರೆ ಹೊಳಪಿನ ಲೇಪ ಸರಿಯಾಗಿದೆ. ಅಂಟಿದರೆ ಲೇಪ ತಪ್ಪಿದೆ, ಅಲ್ಲಿರುವುದು ಬರೀ ಸೂಕ್ಷ್ಮ ತೂತುಗಳ ಮಣ್ಣು. ಅಂಥದ್ದನ್ನು ಮುಲಾಜಿಲ್ಲದೆ ಬುಟ್ಟಿಗೆಸೆದು ಗಹಗಹಿಸಿ ನಗುವಳು. ಆ ನಗು ಆಚೆ ಭಟ್ಟಿಯ ಬೆಂಕಿ ನೋಡಿಕೊಳ್ಳುವ ಗಂಡನಿಗೂ ಕೇಳುತ್ತಿತ್ತು.

ಒಂದು ದಿನ ಮೆಟ್ಟಿಲಲ್ಲಿ ಮುಗ್ಗರಿಸಿ ಮುಂದಿನ ಹಲ್ಲೊಂದನ್ನು ಬೇರುಸಮೇತ ಉದುರಿಸಿಕೊಂಡಳು. ಅಂದಿನಿಂದ ಬಾಯಿಗೆ ಕೈ ಅಡ್ಡ ಬಂತು, ನಗು ನಿಂತೇಹೋಯಿತು. ಗಂಡನಿಗೆ ಮನೆ ಬಿಕೋ ಎನ್ನತೊಡಗಿತು.

ಹಲ್ಲಿನ ಡಾಕ್ಟರಮ್ಮ ತಟ್ಟೆಯಲ್ಲಿ ಬಿಳಿ ಕಾಳು ತೋರಿಸಿದಳು. "ಬೇರಿದ್ದ ಕಡೆ ಎಲುಬು ಕರಗಿದೆ ಅಮ್ಮ. ಈ ಪಿಂಗಾಣಿ ಕಾಳು ತುಂಬ್ತೀನಿ. ಎಲುಬು ಬೆಳೆದ್ಮೇಲೆ ಹಲ್ಲು ಕೂರಿಸ್ಬಹುದು."

"ಅಯ್ಯೋ, ಇದಕ್ಕೆ ಹೊಳಪೇ ಇಲ್ವಲ್ಲ! ಬರೀ ತೂತು. ನಮ್ಮಲ್ಲಾದ್ರೆ ಇದು ನೇರ ಬುಟ್ಟಿಗೆ."

"ತೂತಿದ್ರೇನೇ ರಕ್ತ ಒಳಗೆ ಹೋಗೋದು. ಅದರ ಹಿಂದೇನೇ ಎಲುಬು. ನುಣ್ಣಗಿದ್ರೆ ಅದಕ್ಕೆ ಹಿಡ್ಕೊಳ್ಳೋಕೆ ಜಾಗ ಎಲ್ಲಿ? ಆದ್ರೆ ಗಾಯ ಮಾಯೋವರೆಗೂ ನಾಲಿಗೆ ತಾಗಿಸ್ಬೇಡಿ. ಕಾಳು ಕದಲಿದ್ರೆ ಎಲುಬೂ ಇಲ್ಲ, ಹಲ್ಲೂ ಇಲ್ಲ."

ಹೇಳಿದ್ದಾದರೂ ಯಾರಿಗೆ, ಹೊಳಪಕ್ಕನಿಗೆ! ಕಾಳು ತುಂಬಿಸಿ ಹೊಲಿಗೆ ಹಾಕಿಸಿಕೊಂಡು ಮನೆ ಸೇರುವ ಮೊದಲೇ ನಾಲಿಗೆ ಅತ್ತ ಹೊರಟಿತ್ತು.

"ಏಯ್, ತುಟಿ ಉಬ್ತಿದೆ! ಒಳಗೇನು ನಡೀತಿದೆ?" ಎಂದ ಗಂಡ.

"ಅಂಟುತ್ತಾ ಅಂತ ನೋಡೋಣ ಅಂತಿದ್ದೆ ಕಣ್ರೀ."

ಕಾರ್ಖಾನೆಯಲ್ಲಂತೂ ಕಪ್ಪು ಕೈಗೆ ಬಂದರೆ ಸಾಕು, ನಾಲಿಗೆ ತಾನಾಗಿ ಹೊರಗೆ. ವಾಪಸು ಹೋಗುವಾಗ ಗಾಯದ ಕಡೆಗೇ ಅದರ ದಾರಿ. ಗಂಡ ನೋಡಿ ನೋಡಿ ಕಪ್ಪನ್ನೇ ಕಿತ್ತುಕೊಂಡ. "ಕಪ್ಪು ನೆಕ್ಕೋಕೂ ಸಂಬಳಾನಾ?" ಎಂದು ಇಷ್ಟು ವರ್ಷ ಕಿಚಾಯಿಸಿದ ಮಹಾನುಭಾವ, ಪಾಳಿ ಮುಗಿದ ಮೇಲೆ ದಿನವೂ ಎಲ್ಲರೆದುರು ಕಪ್ಪಿಗೆ ನಾಲಿಗೆ ಚಾಚಿ ನಿಂತ. ಅವಳು ಪಕ್ಕದಲ್ಲಿ ತುಟಿ ಬಿಗಿದು ಕೂತು ಎಲ್ಲಿ ಮುಟ್ಟಬೇಕೆಂದು ಬೆರಳು ತೋರಿಸಿದಳು. ಮಂದಿ ಬಿದ್ದು ಬಿದ್ದು ನಕ್ಕರು. ಅವಳು ನಗಲಿಲ್ಲ.

ಕೆಲವು ತಿಂಗಳ ಮೇಲೆ ಡಾಕ್ಟರಮ್ಮ ಎಕ್ಸ್-ರೇ ಹಿಡಿದು ಕಣ್ಣು ಕಿರಿದು ಮಾಡಿದಳು. ಹೊಳಪಕ್ಕ ಕುರ್ಚಿಯ ಎರಡೂ ತೋಳು ಹಿಡಿದು ಕೂತಳು.

"ಚೆನ್ನಾಗಿ ಬೆಳೆದಿದೆ ಅಮ್ಮ. ಕಾಳು ಯಾವುದು, ನಿಮ್ಮೆಲುಬು ಯಾವುದು ಅಂತ ನಂಗೇ ಗೊತ್ತಾಗ್ತಿಲ್ಲ."

"ಅಂದ್ರೆ ಬುಟ್ಟಿಗೆ ಎಸೆಯೋ ಮಾಲು ನನ್ನ ಬಾಯಲ್ಲೇ ಪಾಸಾಯ್ತಾ?" ಎಂದವಳೇ ಹೊಳಪಕ್ಕ ನಕ್ಕಳು. ಎರಡು ಕೈಯೂ ಕುರ್ಚಿಯ ಮೇಲೇ ಇದ್ದವು.

ಹೊರಗೆ ಬೆಂಚಿನಲ್ಲಿದ್ದ ಗಂಡ ದಡಕ್ಕನೆ ಎದ್ದು ನಿಂತ. ಅವಳು ಬರುವಷ್ಟರಲ್ಲಿ ಕಣ್ಣೊರೆಸಿಕೊಂಡಿದ್ದ.

"ಇನ್ನು ಹಲ್ಲು ಕೂರಿಸ್ತಾರಂತೆ ಕಣ್ರೀ," ಎಂದಳು, ಆ ಕಿಂಡಿ ಪೂರ್ತಿ ಕಾಣುವಂತೆ ನಗುತ್ತ.

"ಕೂರಿಸ್ಲಿ ಬಿಡೇ," ಎಂದ ಅವನು, "ನಂಗೇನೂ ಅವಸರ ಇಲ್ಲ."